ನೈಟ್ ಶೆಲ್ಟರ್‌ಗೆ ಬಾರದ ದುಡ್ಡು ಬೇರೆ ಎಲ್ಲೆಲ್ಲಿ ಖರ್ಚಾಗುತ್ತದೆ

ಸೂರಿಲ್ಲದವರ ಶೆಲ್ಟರ್‌ಗಳಿಗೆ ಅನುದಾನ ಕಡಿತವಾಗಿದೆ ಅಂದರೆ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆ, "ಆದೇಶ ಎಲ್ಲಿದೆ ತೋರಿಸಿ" ಅಂತ. ಆದೇಶ ಇರುವುದಿಲ್ಲ, ನಿಜ. ನಮ್ಮಲ್ಲಿ ಈ ಕೆಲಸಕ್ಕೆ ಕಡಿತ ಬರುವುದು ಬೇರೆ ದಾರಿಯಲ್ಲಿ. ಎರಡನೇ ಕಂತು ಬಿಡುಗಡೆಯಾಗಿಲ್ಲ, ಹಿಂದಿನ ಕಂತು ಹೀಗೆ ಖರ್ಚಾಯಿತು ಎಂಬ ಬಳಕೆ ಪ್ರಮಾಣಪತ್ರ ಹೋಗಿಲ್ಲ, ಶೆಲ್ಟರ್ ನಡೆಸುವ ಸಂಸ್ಥೆಯ ಒಪ್ಪಂದ ನವೀಕರಣವಾಗಿಲ್ಲ, ಯೋಜನೆಯ ಅವಧಿಯೇ ಮುಗಿದಿದೆ. ಪ್ರತಿಯೊಂದಕ್ಕೂ ಒಂದು ಸಕಾರಣ ಇದೆ, ಒಂದು ಫೈಲ್ ನಂಬರ್ ಇದೆ. ಆದರೆ ರಾತ್ರಿ ಚಾಪೆ ಹುಡುಕಿಕೊಂಡು ಬರುವ ಐವತ್ತು ಜನರ ಪಾಲಿಗೆ ಇದೆಲ್ಲವೂ ಒಂದೇ: ಬಾಗಿಲು ಹಾಕಿದೆ.

ಈ ಶೆಲ್ಟರ್‌ಗಳು ಯಾರೋ ಪುಣ್ಯಾತ್ಮರು ದಾನಕ್ಕೆ ನಡೆಸುವ ಛತ್ರಗಳಲ್ಲ, ಕೋರ್ಟಿನ ಮುಂದೆ ಸರ್ಕಾರ ಒಪ್ಪಿಕೊಂಡ ಹೊಣೆ. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆ ವೃತ್ತದಲ್ಲಿದ್ದ ತಾತ್ಕಾಲಿಕ ಶೆಲ್ಟರ್ ಒಂದನ್ನು ಅಲ್ಲಿನ ಪಾಲಿಕೆ ಕೆಡವಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ 2001ರಲ್ಲಿ ಹೂಡಿದ್ದ ಆಹಾರ ಹಕ್ಕಿನ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 2010ರ ಜನವರಿಯಲ್ಲಿ ಇದನ್ನು ಕೈಗೆತ್ತಿಕೊಂಡಿತು. ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಶೆಲ್ಟರ್ ಇರಬೇಕು, ದಿನದ 24 ಗಂಟೆ, ವರ್ಷದ 365 ದಿನ ತೆರೆದಿರಬೇಕು ಎಂಬ ಲೆಕ್ಕ ಬಂದದ್ದು ಅಲ್ಲಿಂದ. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ, ಅಂದರೆ ನಲ್ಮ್, ಶುರುವಾದಾಗ ನಗರ ವಸತಿರಹಿತರ ಆಶ್ರಯ ಯೋಜನೆ ಅದರ ಒಂದು ಭಾಗವಾಯಿತು. ಪ್ರತಿ ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ಜಾಗ, ತಲೆಗೆ ಕನಿಷ್ಠ 50 ಚದರ ಅಡಿ, ಮಾರುಕಟ್ಟೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಹತ್ತಿರವೇ ಕಟ್ಟಡ, ಪ್ರತಿಯೊಬ್ಬರಿಗೂ ಲಾಕರ್, ಅಡುಗೆಗೆ ಗ್ಯಾಸ್. ಮಾರ್ಗಸೂಚಿ ಓದಿದರೆ, ಬರೆದವರು ಬೀದಿ ನೋಡಿದ್ದವರು ಅನ್ನಿಸುತ್ತದೆ. 2011ರ ಜನಗಣತಿಯ 84 ಲಕ್ಷವನ್ನೇ ಹಿಡಿದರೂ ಬೆಂಗಳೂರಿಗೆ 84 ಶೆಲ್ಟರ್ ಬೇಕು. ಊರಿನ ಜನಸಂಖ್ಯೆ ಕೋಟಿ ದಾಟಿ ಎಷ್ಟೋ ಕಾಲವಾಯಿತು; ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ಹದಿನೈದು ವರ್ಷ ಹಳೆಯ ಅಂಕಿಯೇ ನಮ್ಮ ಗುರಿ. ಆ ಹಳೆಯ ಗುರಿಯನ್ನೂ ಈ ಊರು ಮುಟ್ಟಿಲ್ಲ.

ಈಗ ದುಡ್ಡಿನ ವಿಷಯ. 2013ರ ಮಾರ್ಗಸೂಚಿಯ ಪ್ರಕಾರ 50 ಜನರ ಒಂದು ಶೆಲ್ಟರ್ ನಡೆಸಲು ವರ್ಷಕ್ಕೆ 6 ಲಕ್ಷ ರೂಪಾಯಿ, ಅದೂ ಮೊದಲ ಐದು ವರ್ಷಕ್ಕೆ. ತಿಂಗಳಿಗೆ 50 ಸಾವಿರ. ತಲೆಗೆ ದಿನಕ್ಕೆ ಸುಮಾರು 33 ರೂಪಾಯಿ. ಒಬ್ಬ ಮ್ಯಾನೇಜರ್, ಮೂರು ಪಾಳಿಗೆ ಮೂವರು ಕೇರ್‌ಟೇಕರ್ ಇರಲೇಬೇಕು. ಒಬ್ಬೊಬ್ಬರಿಗೆ 12 ಸಾವಿರ ಕೊಟ್ಟರೆ 48 ಸಾವಿರ ಅಲ್ಲಿಗೇ ಮುಗಿಯಿತು. ಉಳಿದ 2 ಸಾವಿರದಲ್ಲಿ ಕರೆಂಟ್, ನೀರಿನ ಟ್ಯಾಂಕರ್, ಫಿನಾಯಿಲ್, ಬ್ಲೀಚಿಂಗ್ ಪುಡಿ, ಬೆಡ್‌ಶೀಟ್ ತೊಳೆಸುವುದು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕೆಟ್ಟ ನಲ್ಲಿ, ಕಟ್ಟಿಕೊಂಡ ಕಕ್ಕಸು. ಪಾಳಿಯ ಲೆಕ್ಕವೂ ಕೂಡುವುದಿಲ್ಲ. ವಾರಕ್ಕೆ 21 ಪಾಳಿ. ಮೂವರು ಕೇರ್‌ಟೇಕರ್‌ಗಳು ತಲಾ ಒಂದು ದಿನ ವಾರದ ರಜೆ ತೆಗೆದುಕೊಂಡರೆ ತುಂಬುವುದು 18. ಮಿಕ್ಕ ಮೂರು ಪಾಳಿಯನ್ನು ಒಂದೋ ಅವರೇ ಹದಿನಾರು ಗಂಟೆ ನಿಂತು ಮಾಡಬೇಕು, ಇಲ್ಲವೇ ಮ್ಯಾನೇಜರ್ ರಾತ್ರಿ ಕಾಯಬೇಕು. ಅಂದರೆ ಒಂದು ಪೈಸೆ ಕಡಿತ ಆಗದಿದ್ದರೂ ಈ ವ್ಯವಸ್ಥೆ ಉಸಿರು ಬಿಗಿಹಿಡಿದುಕೊಂಡೇ ನಡೆಯುವಂಥದ್ದು. ಒಂದು ಕಂತು ನಾಲ್ಕು ತಿಂಗಳು ತಡವಾದರೆ ಇದಕ್ಕೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ತಡ ಯಾಕೆ ಆಗುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ. ಶೆಲ್ಟರ್ ನಡೆಸುವ ಸಂಸ್ಥೆ ಮೊದಲು ತನ್ನ ಕೈಯಿಂದ ಖರ್ಚು ಮಾಡಬೇಕು. ಹಾಜರಿ ಪುಸ್ತಕ, ವೋಚರ್, ಸಂಬಳದ ರಸೀದಿ ಎಲ್ಲ ಸೇರಿಸಿ ಬಿಲ್ ಕೊಡಬೇಕು. ಪಾಲಿಕೆಯವರು ಪರಿಶೀಲಿಸಿ ಲೆಕ್ಕ ಶಾಖೆಗೆ ಕಳಿಸಬೇಕು. ಅಲ್ಲಿ ಒಂದು ಆಕ್ಷೇಪಣೆ ಬಂದರೆ ಫೈಲ್ ಮತ್ತೆ ಕೆಳಗೆ. ಎಲ್ಲ ಬಿಲ್ ಪಾಸಾದ ಮೇಲೆ ಪಾಲಿಕೆ ಬಳಕೆ ಪ್ರಮಾಣಪತ್ರ ಬರೆದು ರಾಜ್ಯಕ್ಕೆ ಕಳಿಸಬೇಕು, ರಾಜ್ಯ ಎಲ್ಲ ಊರುಗಳದ್ದನ್ನು ಒಟ್ಟು ಮಾಡಿ ಕೇಂದ್ರಕ್ಕೆ. ಒಂದೆರಡು ಊರಿನ ಪ್ರಮಾಣಪತ್ರ ಬಾರದಿದ್ದರೆ ಸರಿಯಾಗಿ ಲೆಕ್ಕ ಕೊಟ್ಟ ಊರುಗಳೂ ಕಾಯಬೇಕು. ಕೇಂದ್ರದ ಶೇ 60 ಬಂದರೂ ರಾಜ್ಯದ ಶೇ 40 ಸೇರಬೇಕು. ಇಷ್ಟರಲ್ಲಿ ಮಾರ್ಚ್ 31 ಬಂದುಬಿಡುತ್ತದೆ. ಖರ್ಚಾಗದ ಮೊತ್ತ ನೋಡಿದ ಹಣಕಾಸು ಇಲಾಖೆ, "ಇವರಿಗೆ ಇಷ್ಟು ಬೇಕಾಗಿಲ್ಲ" ಅಂತ ಮುಂದಿನ ವರ್ಷದ ಅಂದಾಜನ್ನು ಇಳಿಸುತ್ತದೆ. ದುಡ್ಡು ಸಿಗದೆ ಖರ್ಚು ಮಾಡಲಾಗದ್ದನ್ನು, ಬೇಡಿಕೆಯೇ ಇಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಬಳಸುತ್ತಾರೆ. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅನ್ಯಾಯ ಅನ್ನಿಸುವುದು ಇದೇ. 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ನೇಮಿಸಿದ್ದು ಕೂಡ, ಬಂದ ದುಡ್ಡು ಬಳಕೆಯಾಗದೆ ಶೆಲ್ಟರ್‌ಗಳು ಏಳದಿದ್ದುದನ್ನು ನೋಡಿಯೇ.

ದುಡ್ಡು ನಿಂತಾಗ ಶೆಲ್ಟರ್ ಒಂದೇ ದಿನ ಮುಚ್ಚುವುದಿಲ್ಲ. ಅದು ಕುಸಿಯುವುದಕ್ಕೆ ಒಂದು ಕ್ರಮ ಇದೆ. ಮೊದಲು ಹೋಗುವುದು ರಾತ್ರಿ ಪಾಳಿಯ ಕೇರ್‌ಟೇಕರ್. ಮೂರು ತಿಂಗಳು ಸಂಬಳ ಇಲ್ಲದೆ ಯಾರೂ ನಿಲ್ಲುವುದಿಲ್ಲ; ಸೆಕ್ಯುರಿಟಿ ಏಜೆನ್ಸಿಗೆ ಹೋದರೆ ತಿಂಗಳು ತಿಂಗಳು ಸಂಬಳವಾದರೂ ಸಿಗುತ್ತದೆ. ಅವರು ಹೋದ ಮೇಲೆ ಮ್ಯಾನೇಜರ್ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕುತ್ತಾರೆ. ಕೇಳುವುದಕ್ಕೆ ಶಿಸ್ತಿನ ನಿಯಮದ ಹಾಗಿದೆ. ಆದರೆ ಕೆ.ಆರ್. ಮಾರ್ಕೆಟ್‌ನಲ್ಲಿ, ಯಶವಂತಪುರ ಯಾರ್ಡ್‌ನಲ್ಲಿ ಲೋಡು ಇಳಿಯುವುದೇ ಮಧ್ಯರಾತ್ರಿಯಿಂದ ಬೆಳಗಿನ ಜಾವಕ್ಕೆ. ಮದುವೆ ಮನೆಯಲ್ಲಿ ಬಡಿಸಿ, ಪಾತ್ರೆ ತೊಳೆದು ಬರುವವರು ಹನ್ನೆರಡಕ್ಕೆ ಬರುತ್ತಾರೆ. ಮೂಟೆ ಹೊರುವವರಿಗೆ ಹಗಲು ಹತ್ತರಿಂದ ನಾಲ್ಕರವರೆಗೆ ಮಲಗಲು ಜಾಗ ಬೇಕು. 24 ಗಂಟೆ ಎಂದು ಕೋರ್ಟ್ ಹೇಳಿದ್ದಕ್ಕೆ ಕಾರಣ ಇದೇ. ಹತ್ತಕ್ಕೆ ಬೀಗ ಬಿದ್ದ ದಿನದಿಂದ ದುಡಿಯುವ ಗಂಡಸರು ಬರುವುದು ನಿಲ್ಲುತ್ತದೆ, ಫ್ಲೈಓವರ್ ಕೆಳಗೇ ವಾಸಿ ಅನ್ನುತ್ತಾರೆ. ಒಂಟಿ ಹೆಂಗಸರ ಶೆಲ್ಟರ್ ಆದರಂತೂ ರಾತ್ರಿ ಕಾಯುವ ಹೆಣ್ಣು ಕೇರ್‌ಟೇಕರ್ ಇಲ್ಲ ಅಂದಮೇಲೆ ಅಲ್ಲಿ ಮಲಗುವುದಕ್ಕೆ ಯಾರಿಗೆ ಧೈರ್ಯ ಬರುತ್ತದೆ?

ಎರಡನೆಯದು ಬಟ್ಟೆ. ಐವತ್ತು ಹಾಸಿಗೆ ಅಂದರೆ ನೂರು ಬೆಡ್‌ಶೀಟ್ ಬೇಕು, ಒಂದು ಜೊತೆ ಹಾಸಿದಾಗ ಇನ್ನೊಂದು ಒಗೆಯುವುದಕ್ಕೆ. ಲಾಂಡ್ರಿಯವರ ಬಾಕಿ ತೀರದಿದ್ದರೆ ಹಾಸಿದ್ದೇ ಹಾಸಿಗೆ. ತಿಗಣೆ ಮೊದಲು ಬರುತ್ತದೆ, ಆಮೇಲೆ ತುರಿಕಜ್ಜಿ. ತುರಿಕಜ್ಜಿಗೆ ಮದ್ದು ಇಲ್ಲದೇ ಇಲ್ಲ. ಶೇ 5ರ ಪರ್ಮೆಥ್ರಿನ್ ಕ್ರೀಮನ್ನು ಕತ್ತಿನಿಂದ ಪಾದದವರೆಗೆ, ಬೆರಳ ಸಂದು ಬಿಡದಂತೆ ರಾತ್ರಿ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ ಮಾಡಬೇಕು. ಒಂದು ವಾರಕ್ಕೆ ಮತ್ತೊಮ್ಮೆ. ಗುಟ್ಟು ಇರುವುದು ಇಲ್ಲಿ: ತುರಿಕೆ ಇರಲಿ ಬಿಡಲಿ, ಅಲ್ಲಿ ಮಲಗುವ ಎಲ್ಲರಿಗೂ ಒಂದೇ ದಿನ ಹಚ್ಚಬೇಕು, ಅದೇ ದಿನ ಬಟ್ಟೆ, ಹಾಸಿಗೆ ಎಲ್ಲವನ್ನೂ ಬಿಸಿನೀರಲ್ಲಿ ಒಗೆಯಬೇಕು. 30 ಗ್ರಾಂ ಟ್ಯೂಬ್ ಒಬ್ಬರಿಗೆ ಒಂದು ಸಲಕ್ಕೆ ಸರಿಹೋಗುತ್ತದೆ. ಐವತ್ತು ಜನಕ್ಕೆ ಎರಡು ಸಲಕ್ಕೆ ನೂರು ಟ್ಯೂಬ್, ಎರಡು ದಿನ ಎಲ್ಲರಿಗೂ ಬಿಸಿನೀರು. ದುಡ್ಡಿಲ್ಲದ ಶೆಲ್ಟರ್ ಏನು ಮಾಡುತ್ತದೆ? ಜಾಸ್ತಿ ತುರಿಕೆ ಇರುವ ಹತ್ತು ಜನಕ್ಕೆ ಹಚ್ಚುತ್ತದೆ. ಪಕ್ಕದ ಹಾಸಿಗೆಯಿಂದ ಅವರಿಗೆ ಮೂರೇ ವಾರದಲ್ಲಿ ಮತ್ತೆ ಅಂಟುತ್ತದೆ. ಹತ್ತು ಜನಕ್ಕೆ ಹಾಕಿದ ದುಡ್ಡೂ ನೀರಿಗೆ ಹೋಯಿತು, ಶೆಲ್ಟರ್‌ಗೆ ಹೋದರೆ ಕಜ್ಜಿ ಬರುತ್ತದೆ ಎಂಬ ಹೆಸರೂ ಬಂತು.

ಹೀಗೆ ಐವತ್ತರ ಜಾಗದಲ್ಲಿ ಇಪ್ಪತ್ತು ಜನ ಉಳಿದಾಗ ತಪಾಸಣೆಗೆ ಬರುತ್ತಾರೆ. ವರದಿಯಲ್ಲಿ "ಭರ್ತಿ ಪ್ರಮಾಣ ಕಡಿಮೆ" ಎಂದು ಬರೆಯುತ್ತಾರೆ. ಎರಡು ಶೆಲ್ಟರ್ ಸೇರಿಸಿ ಒಂದು ಮಾಡಿ ಎಂಬ ಟಿಪ್ಪಣಿ ಅಲ್ಲಿಂದ ಹುಟ್ಟುತ್ತದೆ. ಮೆಜೆಸ್ಟಿಕ್ ಹತ್ತಿರ ಮಲಗುತ್ತಿದ್ದವರನ್ನು ಆರು ಕಿಲೋಮೀಟರ್ ಆಚೆ ಹೋಗಿ ಅಂದರೆ ಯಾರೂ ಹೋಗುವುದಿಲ್ಲ. ಕೂಲಿ ಸಿಗುವ ಜಾಗ ಬಿಟ್ಟು ಹಾಸಿಗೆ ಇರುವ ಜಾಗಕ್ಕೆ ಯಾರು ಹೋದಾರು?

ಇದು ಶೆಲ್ಟರ್ ಒಳಗಿನ ಮಾತಾಯಿತು. ಹೊರಗೆ ಇದಕ್ಕಿಂತ ದುಬಾರಿ ಬಿಲ್ ತಯಾರಾಗುತ್ತಿರುತ್ತದೆ. ಕ್ಷಯವನ್ನೇ ತೆಗೆದುಕೊಳ್ಳಿ. ಸಾಧಾರಣ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಶೆಲ್ಟರ್‌ನಲ್ಲಿ ಇರುವವರಿಗೆ ಕೇರ್‌ಟೇಕರ್ ಮುಂದೆಯೇ ನುಂಗಿಸುತ್ತಾರೆ, ತಿಂಗಳ ಸ್ಟಾಕ್ ಲಾಕರ್‌ನಲ್ಲಿ ಇರುತ್ತದೆ, ಕಫ ಪರೀಕ್ಷೆಯ ದಿನ ನೆನಪಿಸುತ್ತಾರೆ. ಫುಟ್‌ಪಾತ್‌ನಲ್ಲಿ ಮಲಗುವವರ ಚೀಲ ಒಂದೋ ಕಳುವಾಗುತ್ತದೆ, ಇಲ್ಲ ಮಳೆಗೆ ನೆನೆಯುತ್ತದೆ, ಇಲ್ಲ ಬೆಳಿಗ್ಗೆ ಕಸದ ಗಾಡಿಗೆ ಹೋಗುತ್ತದೆ. ಎರಡನೇ ತಿಂಗಳಿಗೆ ಕೆಮ್ಮು ಕಡಿಮೆಯಾಗಿ, ಮಾತ್ರೆಯೂ ಇಲ್ಲದೆ, ಚಿಕಿತ್ಸೆ ನಿಲ್ಲುತ್ತದೆ. ಹೀಗೆ ಅರ್ಧಕ್ಕೆ ಬಿಟ್ಟ ಕ್ಷಯ ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗಬಹುದು. ಅದರ ಔಷಧ ಹಲವು ಪಟ್ಟು ದುಬಾರಿ, ಆ ಅವಧಿಯಲ್ಲಿ ಅದು ಯಾರಿಗೆಲ್ಲ ಹರಡಿತೋ ಅದಕ್ಕೆ ಲೆಕ್ಕವೇ ಇಲ್ಲ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ಕೇಂದ್ರ ಕೊಡುವ ಮೊತ್ತವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿದ್ದಾರೆ, ಒಳ್ಳೆಯದೇ. ಆದರೆ ಅದು ಬ್ಯಾಂಕ್ ಖಾತೆಗೆ ಬರುವ ದುಡ್ಡು. ಖಾತೆಗೆ ಆಧಾರ್ ಬೇಕು, ಆಧಾರ್‌ಗೆ ವಿಳಾಸ ಬೇಕು.

ಆ ವಿಳಾಸ ಕೊಡುವುದೂ ಶೆಲ್ಟರೇ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವನ್ನು ಆಧಾರ್‌ಗೆ ವಿಳಾಸದ ದಾಖಲೆಯಾಗಿ ಒಪ್ಪುತ್ತಾರೆ. ಸಂಸ್ಥೆಯ ಒಪ್ಪಂದ ಮುಗಿದು ನವೀಕರಣವಾಗದಿದ್ದರೆ ಆ ಸಹಿಗೆ, ಆ ಸೀಲಿಗೆ ಬೆಲೆ ಇಲ್ಲ. ಸರಪಳಿಯ ಮೊದಲ ಕೊಂಡಿಯೇ ಕಳಚಿತು. ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡ್‌ನಲ್ಲಿ ಮನೆ ಯಜಮಾನಿ ಎಂದಿರುವವರಿಗೆ. ಅನ್ನಭಾಗ್ಯಕ್ಕೂ ಕಾರ್ಡ್. ಶಕ್ತಿ ಯೋಜನೆಯ ಉಚಿತ ಬಸ್ಸಿಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ. ಗಂಡ ಮನೆಯಿಂದ ಹೊರಹಾಕಿದ, ಕೈಯಲ್ಲಿ ಒಂದು ಕಾಗದವೂ ಇಲ್ಲದ ಹೆಂಗಸಿಗೆ ಇವುಗಳಲ್ಲಿ ಒಂದೂ ತಲುಪುವುದಿಲ್ಲ. ಗ್ಯಾರಂಟಿಗಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಇಡುವ ಸರ್ಕಾರ ಅವು ಅತಿ ಬಡವರ ಕೈಸೇರುವುದಕ್ಕೆ ಬೇಕಾದ ಒಬ್ಬ ಕೇರ್‌ಟೇಕರ್‌ನ ಸಂಬಳ ನಿಲ್ಲಿಸುವುದು ಯಾವ ಉಳಿತಾಯ? ಮತದಾರರ ಪಟ್ಟಿಗೆ ಸೇರಿಸಲು ಮಾತ್ರ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ರಾತ್ರಿ ಬಂದು, ಆ ವ್ಯಕ್ತಿ ನಿಜವಾಗಿ ಅಲ್ಲೇ ಮಲಗುತ್ತಾರೆಯೇ ಎಂದು ನೋಡಿ, ದಾಖಲೆ ಇಲ್ಲದೆಯೂ ಸೇರಿಸಬಹುದು. ಚುನಾವಣಾ ಆಯೋಗಕ್ಕೆ ಹೊಳೆದ ಈ ಸರಳ ದಾರಿ ಆಹಾರ ಇಲಾಖೆಗೂ ಹೊಳೆಯಲಿ.

ಇನ್ನು ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಪೊಲೀಸರು ಇವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್‌ಗೆ ಹಾಕುವಂತಿಲ್ಲ. ಚಿಕಿತ್ಸೆಯಾಗಿ ಕೆಲವು ವಾರಗಳಲ್ಲಿ ಸುಧಾರಿಸಿದ ಮೇಲೆ ಎಲ್ಲಿಗೆ ಕಳಿಸುವುದು? ಊರು ಪತ್ತೆಯಾಗುವವರೆಗೆ ಇರಲು ಒಂದು ಜಾಗ ಬೇಕು. ಜಾಗ ಇಲ್ಲದಿದ್ದರೆ ಇನ್ನೊಬ್ಬ ರೋಗಿಗೆ ಸಿಗಬೇಕಾದ ಹಾಸಿಗೆ ತಿಂಗಳುಗಟ್ಟಲೆ ಇವರ ಹೆಸರಲ್ಲಿ ಇರುತ್ತದೆ, ಇಲ್ಲವೇ ಅವರು ಮತ್ತೆ ಬೀದಿಗೆ. ಆಸ್ಪತ್ರೆಯ ಒಂದು ಹಾಸಿಗೆಯ ಒಂದು ದಿನದ ಖರ್ಚಿನ ಮುಂದೆ ಶೆಲ್ಟರ್‌ನ 33 ರೂಪಾಯಿ ಇಟ್ಟು ನೋಡಿ.

ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ಒಮ್ಮೆ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ, ಗ್ರಂಥಾಲಯದ ಸೆಸ್ ಜೊತೆಗೆ ಭಿಕ್ಷುಕರ ಹೆಸರಲ್ಲಿ ಶೇ 3 ಸೆಸ್ ಇದೆ. ಹತ್ತು ಸಾವಿರ ತೆರಿಗೆ ಕಟ್ಟುವವರು 300 ರೂಪಾಯಿ ಇದಕ್ಕಾಗಿಯೇ ಕೊಡುತ್ತಿದ್ದೀರಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಆ ದುಡ್ಡು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗಬೇಕು. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವುದು ಅದರಲ್ಲಿ ದೊಡ್ಡದು, ಜನ ಬೆಗ್ಗರ್ಸ್ ಕಾಲೊನಿ ಅನ್ನುವುದು ಅದಕ್ಕೇ. ಅಲ್ಲಿಗೆ ಹೋಗುವವರು ತಾವಾಗಿ ಹೋಗುವವರಲ್ಲ, ಹಿಡಿದು ತಂದವರು. ಅಪರಾಧಿಯಲ್ಲದ ಬಡವರನ್ನು ಒಂದು ವರ್ಷಕ್ಕೂ ಮೀರಿ ಇರಿಸಿಕೊಳ್ಳಲು ಕಾಯ್ದೆ ಅವಕಾಶ ಕೊಡುತ್ತದೆ. 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಅಲ್ಲಿ ಸತ್ತದ್ದನ್ನು ಈ ರಾಜ್ಯ ಮರೆತಿರಬಹುದು, ಮರೆಯಬಾರದು. ಹಿಡಿದು ಕೂಡಿಹಾಕುವ ವ್ಯವಸ್ಥೆಗೆ ಕಾಯ್ದೆಯ ಬಲದ, ಪ್ರತಿವರ್ಷ ತಾನಾಗಿ ಬರುವ ಸೆಸ್ ಇದೆ. ತಾವಾಗಿ ಬಂದು ಮಲಗಿ, ಬೆಳಿಗ್ಗೆ ಎದ್ದು ಕೂಲಿಗೆ ಹೋಗುವವರ ಶೆಲ್ಟರ್‌ಗೆ ಮಾತ್ರ ಐದು ವರ್ಷದ ಗಡುವಿನ ಯೋಜನೆ. ದೆಹಲಿಯಲ್ಲಿ ಭಿಕ್ಷೆ ಬೇಡುವುದನ್ನು ಅಪರಾಧವಾಗಿಸಿದ್ದ ಕಲಂಗಳನ್ನು ಅಲ್ಲಿನ ಹೈಕೋರ್ಟ್ 2018ರಲ್ಲೇ ರದ್ದು ಮಾಡಿತು. ನಮ್ಮ ಕಾಯ್ದೆಗೂ ತಿದ್ದುಪಡಿ ತಂದು ಈ ಶೇ 3ರಲ್ಲಿ ಶೆಲ್ಟರ್‌ಗಳಿಗೆ ಪಾಲು ಕೊಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕೇಂದ್ರದ ಕಡೆಯಿಂದ ಏನಾಯಿತು ಎಂಬುದು ಬಜೆಟ್ ಪುಸ್ತಕದಲ್ಲೇ ಇದೆ. ನಲ್ಮ್‌ಗೆ 2022-23ರ ಬಜೆಟ್ ಅಂದಾಜು 900 ಕೋಟಿ, 2023-24ರಲ್ಲಿ 523 ಕೋಟಿ, 2024-25ರಲ್ಲಿ 300 ಕೋಟಿ. 2024ರ ಸೆಪ್ಟೆಂಬರ್ 30ಕ್ಕೆ ಯೋಜನೆಯ ಅವಧಿಯೇ ಮುಗಿಯಿತು. ಅದರ ಜಾಗಕ್ಕೆ 25 ನಗರಗಳಲ್ಲಿ ಪ್ರಾಯೋಗಿಕವಾಗಿ ಬಂದ ಹೊಸ ಯೋಜನೆಯ ಗಮನ ಹೆಚ್ಚಾಗಿ ಕಟ್ಟಡ ಕಾರ್ಮಿಕರು, ಗಿಗ್ ಕೆಲಸಗಾರರು, ಮನೆಗೆಲಸದವರಂಥ ದುಡಿಯುವ ಗುಂಪುಗಳ ಮೇಲೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಅಟಾರ್ನಿ ಜನರಲ್, ನಗರ ಬಡತನ ನಿವಾರಣೆಯ ಹೊಸ ಅಭಿಯಾನ ಅಂತಿಮ ಹಂತದಲ್ಲಿದೆ, ಸೂರಿಲ್ಲದವರ ಆಶ್ರಯವೂ ಅದರಲ್ಲಿ ಇರುತ್ತದೆ ಎಂದರು. ಅದೇ ವಿಚಾರಣೆಯಲ್ಲಿ ಪೀಠದಿಂದ, ಉಚಿತ ಕೊಡುಗೆಗಳಿಂದ ಜನ ಕೆಲಸ ಮಾಡಲು ಒಪ್ಪುತ್ತಿಲ್ಲ ಎಂಬ ಮಾತೂ ಬಂತು. ಮೂಟೆ ಹೊತ್ತು, ಗಾರೆ ಕಲಸಿ, ಎಂಜಲು ತಟ್ಟೆ ತೊಳೆದು ಮಲಗಲು ಬರುವವರ ಮೊಕದ್ದಮೆಯಲ್ಲಿ ಆ ಮಾತು ಬರಬಾರದಿತ್ತು. ಹಳೆಯ ಯೋಜನೆ ಮುಗಿದ ದಿನಕ್ಕೂ ಹೊಸದರ ಮೊದಲ ಕಂತು ಪಾಲಿಕೆಗೆ ಬರುವ ದಿನಕ್ಕೂ ನಡುವಿನ ತಿಂಗಳುಗಳಲ್ಲಿ ಸಂಬಳ ಯಾರು ಕೊಡಬೇಕು ಎಂಬುದೇ ಕೇಳಬೇಕಾಗಿದ್ದ ಪ್ರಶ್ನೆ.

ಕಡಿತದಿಂದ ಖರ್ಚು ಉಳಿಯುವುದಿಲ್ಲ ಎಂಬುದಕ್ಕೆ ಅತಿ ಸ್ಪಷ್ಟ ದಾಖಲೆ ಇಂಗ್ಲೆಂಡಿನದು. ಬೀದಿಗೆ ಬೀಳುವ ಅಂಚಿನಲ್ಲಿರುವವರಿಗೆ ಆಸರೆಯಾಗಲು 2003ರ ಏಪ್ರಿಲ್‌ನಲ್ಲಿ ಅಲ್ಲಿ ಸುಮಾರು 180 ಕೋಟಿ ಪೌಂಡ್‌ಗಳ ಒಂದು ಅನುದಾನ ಶುರುವಾಗಿತ್ತು. ಇದನ್ನು ಬೇರೆಯದಕ್ಕೆ ಬಳಸುವಂತಿಲ್ಲ ಎಂಬ ಬೇಲಿಯನ್ನು 2009ರಲ್ಲಿ ತೆಗೆದರು. ಮರುವರ್ಷದಿಂದ ಸ್ಥಳೀಯ ಸಂಸ್ಥೆಗಳ ಒಟ್ಟು ಅನುದಾನವನ್ನೇ ಕತ್ತರಿಸಿದಾಗ, ಬೇಲಿ ಇಲ್ಲದ ಈ ದುಡ್ಡು ಮೊದಲು ಹೋಯಿತು. ಶರತ್ಕಾಲದ ಒಂದು ರಾತ್ರಿಯ ಎಣಿಕೆಯಲ್ಲಿ ಬೀದಿಯಲ್ಲಿ ಮಲಗಿದವರು 2010ರಲ್ಲಿ 1,768, 2017ರಲ್ಲಿ 4,751. ಮನೆ ಕಳೆದುಕೊಂಡ ಕುಟುಂಬಗಳಿಗೆ ತಾತ್ಕಾಲಿಕ ವಸತಿ ಕೊಡುವುದು ಅಲ್ಲಿ ಕಾನೂನಿನ ಕಡ್ಡಾಯ. ಅದಕ್ಕೆ ಅಲ್ಲಿನ ಪಾಲಿಕೆಗಳು 2023-24ರ ಒಂದೇ ವರ್ಷದಲ್ಲಿ ಖರ್ಚು ಮಾಡಿದ್ದು 220 ಕೋಟಿ ಪೌಂಡ್‌ಗೂ ಹೆಚ್ಚು. ನಮ್ಮಲ್ಲಿ ಆ ಕಡ್ಡಾಯ ಇಲ್ಲದ ಕಾರಣ ಖರ್ಚು ಹೀಗೆ ಒಂದೇ ಸಾಲಿನಲ್ಲಿ ಕಾಣುವುದಿಲ್ಲ, ಅಷ್ಟೇ. ಅದು ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿನಲ್ಲಿ, ಪೊಲೀಸ್ ಠಾಣೆಯ ಜೀಪಿನ ಡೀಸೆಲ್‌ನಲ್ಲಿ, ಸುಮನಹಳ್ಳಿಯ ಊಟದ ಲೆಕ್ಕದಲ್ಲಿ, ವಾರಸುದಾರರಿಲ್ಲದ ಶವದ ಸಂಸ್ಕಾರದಲ್ಲಿ ಹಂಚಿಹೋಗಿರುತ್ತದೆ.

ಮಾಡಬೇಕಾದ್ದು ದೊಡ್ಡ ಸಂಶೋಧನೆಯೇನಲ್ಲ. ಶೆಲ್ಟರ್ ನಡೆಸುವ ವೆಚ್ಚ ಪಾಲಿಕೆಯ ಸ್ವಂತ ಬಜೆಟ್‌ನಲ್ಲಿ ಬೀದಿದೀಪದ ಕರೆಂಟ್ ಬಿಲ್‌ನ ಹಾಗೆ ಬದ್ಧ ವೆಚ್ಚವಾಗಿ ಇರಬೇಕು. ಕೇಂದ್ರದ ಪಾಲು ಬಂದಾಗ ಅದಕ್ಕೆ ತುಂಬಿಕೊಳ್ಳಲಿ. ಮೂರು ತಿಂಗಳ ದುಡ್ಡನ್ನು ಮುಂಗಡ ಕೊಟ್ಟು ಆಮೇಲೆ ಲೆಕ್ಕ ಕೇಳಬೇಕು. ಕೇರ್‌ಟೇಕರ್‌ಗಳ ಸಂಬಳ ಕನಿಷ್ಠ ವೇತನ ಏರಿದಾಗ ತಾನಾಗಿ ಏರಬೇಕು, ಮೂವರಲ್ಲ ನಾಲ್ವರು ಇರಬೇಕು. ಹಾಜರಿಯನ್ನು ರಾತ್ರಿ ಒಂದೇ ಹೊತ್ತು ಎಣಿಸದೆ ಹಗಲು ಮಲಗುವವರನ್ನೂ ಎಣಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದ ಮೇಲೆ ಇನ್ನೊಂದು ಅಪಾಯ ಇದೆ: ಹಳೆಯ ಬಾಕಿ ಯಾರ ಲೆಕ್ಕಕ್ಕೆ, ಯಾವ ಶೆಲ್ಟರ್ ಯಾರದ್ದು ಎಂಬ ಪತ್ರ ವ್ಯವಹಾರದಲ್ಲೇ ಒಂದು ಮಳೆಗಾಲ ಕಳೆದುಬಿಡಬಹುದು.

ನಿಮ್ಮ ಊರಿನ ಶೆಲ್ಟರ್ ಬಗ್ಗೆ ತಿಳಿಯಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು, ಆದ್ದರಿಂದ ಹಾಸ್ಟೆಲ್, ಇಂದಿರಾ ಕ್ಯಾಂಟೀನ್ ಎಲ್ಲವನ್ನೂ ಇದರ ಜೊತೆ ಸೇರಿಸಬೇಡಿ, ತಿರಸ್ಕರಿಸುತ್ತಾರೆ. "ಎಷ್ಟು ಅನುದಾನ ಬಂದಿದೆ" ಎಂದು ಮಾತ್ರ ಕೇಳಿದರೆ ಒಂದು ಒಟ್ಟು ಮೊತ್ತ ಬರೆದು ಕೈತೊಳೆದುಕೊಳ್ಳುತ್ತಾರೆ. ಕಳೆದ ಎರಡು ವರ್ಷದ ಪ್ರತಿ ಬಿಲ್ ಸಲ್ಲಿಕೆಯಾದ ದಿನಾಂಕ, ಅದು ಪಾವತಿಯಾದ ದಿನಾಂಕ, ಸಂಸ್ಥೆಯ ಒಪ್ಪಂದದ ಅವಧಿ, ಬಳಕೆ ಪ್ರಮಾಣಪತ್ರ ಕಳಿಸಿದ ದಿನಾಂಕ, ಈಗ ಕೆಲಸದಲ್ಲಿರುವ ಕೇರ್‌ಟೇಕರ್‌ಗಳ ಸಂಖ್ಯೆ ಮತ್ತು ಅವರಿಗೆ ಕೊನೆಯ ಸಂಬಳವಾದ ತಿಂಗಳು, ಇಷ್ಟನ್ನು ಕೇಳಿ. ಎರಡು ದಿನಾಂಕಗಳ ನಡುವಿನ ಅಂತರವೇ ನಿಮ್ಮ ಊರಿನ ಕಡಿತ. ಪಾಲಿಕೆಯ ಬಜೆಟ್ ಸಭೆಗೆ ಮುಂಚೆ ಉತ್ತರ ಕೈಗೆ ಬರಬೇಕಾದರೆ 30 ದಿನದ ಗಡುವು ಲೆಕ್ಕ ಹಾಕಿ ಡಿಸೆಂಬರ್‌ನಲ್ಲೇ ಅರ್ಜಿ ಹಾಕಿ.